ಚೀಟಿ ಕಿಟಕಿಯ ಪಕ್ಕ ನಿಲ್ಲುತ್ತಿದ್ದ ಅಕ್ಕ

ನಿನ್ನೆ ಸಂಜೆ ನನ್ನ ಮೊಣಕಾಲಿಗೆ ಮುಲಾಮು ಹಚ್ಚುತ್ತಾ, "ಯಾಕಜ್ಜಿ, ಮಾತ ಆಡವಲ್ಲಿ?" ಎಂದು ಕೇಳಿದಿರಿ, ಮೊಮ್ಮಕ್ಕಳೇ. ಆ ಮುಲಾಮಿನ ಘಾಟಿಗೆ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದಿದ್ದರು... ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀದರ, ರಾಯಚೂರು ಕಡೆಯವರು ದೊಡ್ಡ ಕಾಯಿಲೆಯಾದರೆ ಹೈದರಾಬಾದಿನ ಸರಕಾರಿ ದವಾಖಾನೆಗೆ ಬರುತ್ತಾರೆ. ಅವರಿಗೆ ತೆಲುಗು ಬಾರದು. ಅಕ್ಕ ದಿನಾ ನಮ್ಮ ಲಿಂಗಂಪಲ್ಲಿಯಿಂದ ರೈಲು ಹಿಡಿದು ಹೋಗಿ, ಚೀಟಿ ಕೊಡುವ ಕಿಟಕಿಯ ಪಕ್ಕ ನಿಲ್ಲುತ್ತಿದ್ದರು. ರೋಗಿಯ ನೋವನ್ನು ತೆಲುಗಿನಲ್ಲಿ, ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಸಂಬಳವಿಲ್ಲ, ಕುರ್ಚಿಯೂ ಇಲ್ಲ.

ನಿಂತು ನಿಂತು ಮೊಣಕಾಲು ಬಾತಾಗ ಅಕ್ಕ, ಈ ಕೆಲಸಕ್ಕೆ ಯಾರನ್ನಾದರೂ ನೇಮಿಸಿ ಎಂದು ಅಲ್ಲಿನ ದೊಡ್ಡ ಸಾಹೇಬರನ್ನು ಕೇಳಿದರಂತೆ. "ನೀವಿದ್ದೀರಲ್ಲಮ್ಮಾ" ಎಂದು ಅವರು ಕೈಮುಗಿದರಂತೆ.

"ನಾ ಹೋಗೋದಕ್ಕನ ಅವ್ರಿಗೆ ಯಾರೂ ಬ್ಯಾಡಾಗ್ಯಾರ ನೋಡವಾ," ಮುಲಾಮು ತಿಕ್ಕುತ್ತಾ ಅಕ್ಕ ಸಿಡುಕಿದರು. "ಊರ ತುಂಬ ಗಾಜಿನ ಮಾಳಿಗಿ ಕಟ್ಯಾರ. ಒಬ್ಬಾಕಿಗೆ ಪಗಾರ ಕೊಡಾಕ ಆಗಂಗಿಲ್ಲೇನು? ನಾಳಿಂದ ನಾ ಹೋಗಂಗಿಲ್ಲ. ಆವಾಗರ ಯಾರನ್ನರ ಇಡ್ತಾರ."

"ಕಾಲು ಮನ್ಯಾಗ ಕುಂತೀತು, ನಿಮ್ಮ ಬಾಯಿ ಕುಂಡ್ರತೈತೇನ್ರಿ ಅಕ್ಕಾ?" ಅಂದೆ. ಇಬ್ಬರೂ ನಕ್ಕೆವು.

ಒಂದು ವಾರ ಹೋಗಲಿಲ್ಲ. ಆ ವಾರವೇ ಔರಾದ ಕಡೆಯ ತಾಯಿಯೊಬ್ಬಳು, ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಮಗಳಿಗೆ ರೊಟ್ಟಿ ಮುರಿದು ಉಣಿಸಿಬಿಟ್ಟಳು. ಬರಿ ಹೊಟ್ಟೆಯಲ್ಲಿರಬೇಕು ಎಂದು ತೆಲುಗಿನಲ್ಲಿ ಹೇಳಿದ್ದು ಅವಳಿಗೆ ತಿಳಿದಿರಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಆ ಹುಡುಗಿ ಉಳಿಯಲಿಲ್ಲ...

ಸುದ್ದಿ ತಿಳಿದ ಮರುದಿನ ಅಕ್ಕ ಕೋಲು ಹಿಡಿದು ರೈಲು ಹತ್ತಿದರು. ಆಮೇಲೆ ನೇಮಕದ ಮಾತು ಎತ್ತಲಿಲ್ಲ. ಹಾಸಿಗೆ ಹಿಡಿಯುವವರೆಗೂ ಅಲ್ಲಿಯೇ ನಿಂತರು. ಅವರು ತೀರಿಕೊಂಡಾಗ ಎಲ್ಲರೂ ಪುಣ್ಯವಂತೆ ಎಂದು ಹೊಗಳಿದರು. ನನಗೆ ಮಾತ್ರ ಸಂಕಟ. ಇಲ್ಲದವರ ಊರಾಗಿದ್ದರೆ ಸರಿ ಅನ್ನಬಹುದಿತ್ತು. ಇಷ್ಟು ದುಡ್ಡಿರುವ ಊರಿಗೆ ಒಬ್ಬ ಮುದುಕಿಯ ಮೊಣಕಾಲು ಯಾಕೆ ಬೇಕಿತ್ತು?

ನಿನ್ನೆ ಕಣ್ಣು ತೋರಿಸಲು ನಾನು ಅದೇ ದವಾಖಾನೆಗೆ ಹೋಗಿದ್ದೆ. ಕಿಟಕಿಯ ಮುಂದೆ ಮುದುಕನೊಬ್ಬ, "ಏನಂತಾರೋ ತಿಳಿವಲ್ದು ಯಪ್ಪಾ" ಎಂದು ಅಳುತ್ತಿದ್ದ. ನಾನು ಎದ್ದು ಹೋಗಿ ಅವನ ಪರವಾಗಿ ತೆಲುಗಿನಲ್ಲಿ ಹೇಳಿದೆ. ಅವನ ಹಿಂದೆ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬರು... ಮಧ್ಯಾಹ್ನದವರೆಗೂ ನಿಂತೆ. ಕಾಲು ನೋಯತೊಡಗಿದಾಗ ಅಕ್ಕ ನಿಲ್ಲುತ್ತಿದ್ದ ಜಾಗದ ಗೋಡೆಗೆ ಒರಗಿದೆ. ಅಲ್ಲಿ ಬೆನ್ನಿನೆತ್ತರಕ್ಕೆ ಸುಣ್ಣ ಸವೆದುಹೋಗಿತ್ತು.

ಹೊರಡುವಾಗ ಕಿಟಕಿಯೊಳಗಿನವನು ತೆಲುಗಿನಲ್ಲಿ, "ನಾಳೆಯೂ ಬನ್ನಿ ಅಮ್ಮಾ" ಎಂದು ಕೈಮುಗಿದ.

ಹೂಂ ಅನ್ನಲಾಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ಏನು ಮಾಡಲಿ ಎಂದು ಕೇಳೋಣವೆಂದರೆ, ಪಕ್ಕದ ಮನೆಯಲ್ಲಿ ಅಕ್ಕ ಇಲ್ಲ.