ಮಂಟಯ್ಯ ನೋಡುತ್ತಿದ್ದ ನೀರು

ನಮ್ಮೂರಿನವರು ನೀರನ್ನು ನಂಬುತ್ತಾರೆ, ನೀರುಗಂಟಿಯನ್ನು ನಂಬುವುದಿಲ್ಲ. ಹೊಟ್ಟೆಯುರಿಗೆ ಹೇಳುತ್ತಿಲ್ಲ, ನಾನೂ ಅದೇ ಊರಿನವನು.

ಹಾರನಹಳ್ಳಿ ಹೋಬಳಿಯಲ್ಲಿ ನಮ್ಮದೊಂದು ಅಣೆಕಟ್ಟಿದೆ. ಅಣೆಕಟ್ಟು ಎಂದ ಕೂಡಲೇ ಬಣ್ಣದ ದೀಪ, ಹೂದೋಟ ಎಲ್ಲ ನೆನೆಸಿಕೊಳ್ಳಬೇಡಿ. ಎರಡು ದಿಬ್ಬದ ನಡುವೆ ಮಣ್ಣು ಪೇರಿಸಿ ಎಬ್ಬಿಸಿದ ಏರಿ, ಅದಕ್ಕೊಂದು ತೂಬು, ಪಕ್ಕದಲ್ಲಿ ಒಂದು ಕೋಡಿ, ಅಷ್ಟೇ. ಕಟ್ಟಿ ಅರವತ್ತು ವರ್ಷ ದಾಟಿದೆ. ಕೆಳಗೆ ನಾನೂರು ಎಕರೆ ಗದ್ದೆಯಿದ್ದು, ಏರಿಯ ಬುಡಕ್ಕೇ ಅಂಟಿಕೊಂಡಿರುವ ಒಂದೂವರೆ ಎಕರೆ ನನ್ನದು. ನನ್ನ ಹೆಸರು ನಟರಾಜು. ಏರಿ ಕಾದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮಂಟಯ್ಯ, ವರಸೆಯಲ್ಲಿ ನನಗೆ ಮಾವ.

ಮಾವನದು ಕಡ್ಡಿಯಂಥ ದೇಹ. ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಗುದ್ದಲಿ ಹೆಗಲಿಗೇರಿಸಿ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಹೆಗ್ಗಣದ ಬಿಲ ಕಂಡರೆ ಮಣ್ಣು ಕುಟ್ಟಿ ಮುಚ್ಚುತ್ತಾನೆ, ಗಿಡ ಮೊಳೆತಿದ್ದರೆ ಬೇರು ಸಮೇತ ಕೀಳುತ್ತಾನೆ. ಏರಿ ಮೇಲೆ ಟ್ರ್ಯಾಕ್ಟರ್ ಓಡಿಸಿದವನ ಮೂರು ತಲೆಮಾರನ್ನು ನೆನೆದು ಬಯ್ಯುತ್ತಾನೆ. ಮದುವೆ ಊಟಕ್ಕೆ ಕೂತಿದ್ದಾಗ ಗುಡುಗಿದರೆ ಪಾಯಸ ಬರುವ ಮುಂಚೆಯೇ ಎಲೆ ಬಿಟ್ಟು ಏಳುತ್ತಾನೆ. ಅತ್ತೆ ವಿಮಲಮ್ಮ ಅದಕ್ಕೇ, 'ನನ್ನ ಕಟ್ಕಂಡಿದ್ದು ಮೂರು ಗಂಟು, ಆ ಏರಿನ ಕಟ್ಕಂಡಿರೋದು ಮುನ್ನೂರು ಗಂಟು' ಎಂದು ಕಂಡವರ ಮುಂದೆಲ್ಲ ಹೇಳುತ್ತಿದ್ದಳು.

ಏರಿಯ ಬುಡದಲ್ಲಿ, ನನ್ನ ಗದ್ದೆಯ ಬದುವಿನ ಹತ್ತಿರ, ಬೆರಳು ಗಾತ್ರದ ಒಂದು ಒಸರು ಇದೆ. ಮಣ್ಣಿನ ಏರಿ ಸ್ವಲ್ಪ ಒಸರುವುದು ಸಹಜವಂತೆ. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಳೇ ಇಂಜಿನಿಯರು ಅವನ ಕೈಗೊಂದು ಗಾಜಿನ ಲೋಟ ಕೊಟ್ಟು, 'ದಿನಾ ಈ ನೀರು ಹಿಡಿದು ಬಿಸಿಲಿಗೆ ನೋಡು. ತಿಳಿಯಾಗಿದ್ರೆ ನೆಮ್ಮದಿಯಾಗಿ ಮನೆಗೆ ಹೋಗು, ಮಣ್ಣು ಬಂದ್ರೆ ಓಡಿಬಂದು ಹೇಳು' ಅಂದಿದ್ದರಂತೆ. ಮಣ್ಣು ಬಂತೆಂದರೆ ನೀರು ಏರಿಯನ್ನು ಒಳಗಿನಿಂದ ತಿನ್ನುತ್ತಿದೆ ಎಂದರ್ಥ. ಅಂದಿನಿಂದ ಮಾವ ಒಂದು ದಿನ ತಪ್ಪಿಸಿದವನಲ್ಲ. ಲೋಟ ತುಂಬಿಸಿ ಎರಡೂ ಕೈಯಲ್ಲಿ ಹಿಡಿದು ಸೂರ್ಯನ ಕಡೆ ಎತ್ತುತ್ತಿದ್ದ. ಆಮೇಲೆ ನಾಲಿಗೆಗೆ ಮರಳು ಸಿಗುತ್ತದೋ ನೋಡಲು ಒಂದು ಗುಟುಕು ಕುಡಿಯುತ್ತಿದ್ದ.

ಹಣೆಯಲ್ಲಿ ವಿಭೂತಿ, ಕೈ ಸೂರ್ಯನ ಕಡೆಗೆ, ಬಾಯಲ್ಲಿ ಗುಟುಕು. ನಮ್ಮ ಜನಕ್ಕೆ ಇನ್ನೇನು ಬೇಕು?

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದ ಚಿಕ್ಕಬೀರಮ್ಮ ಇದನ್ನು ನೋಡಿದಳು. ಏನೂ ಕೇಳದೆ ಬಲಗೈ ಚಾಚಿದಳು. ಮಾವ ನಾಚಿಕೆಯ ಮನುಷ್ಯ. ಚಾಚಿದ ಕೈಗೆ ಇಲ್ಲ ಅನ್ನಲಾರದೆ ಎರಡು ಹನಿ ಹಾಕಿದ. ವಾರ ಕಳೆಯುವುದರೊಳಗೆ ಅವಳ ಮಂಡಿನೋವು ವಾಸಿಯಾಯಿತು. ವಾರಪೂರ್ತಿ ಹುಲ್ಲು ಕೊಯ್ಯದೆ ಮನೆಯಲ್ಲೇ ಕೂತಿದ್ದಳು ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲಿಂದ ಅದು ತೀರ್ಥವಾಯಿತು. ಮಿರ್ಲೆ, ಭೇರ್ಯದಿಂದೆಲ್ಲ ಜನ ಬಾಟಲಿ ಹಿಡಿದು ಬಂದರು. ಗುದ್ದಲಿ ಮಂಟಯ್ಯ ಹೋಗಿ ಮಂಟಪ್ಪಜ್ಜನಾದ. ಕಾಲಿಗೆ ಬೀಳುವವರನ್ನು ಕಂಡು ಮೊದಮೊದಲು ಹಿಂದೆ ಹಿಂದೆ ಸರಿಯುತ್ತಿದ್ದವನು ಬರಬರುತ್ತಾ ನಿಂತಲ್ಲೇ ನಿಂತ. ನಾನು ಸುಳ್ಳು ಹೇಳಲಾರೆ, ಅವನಿಗೆ ಅದು ರುಚಿಸಿತ್ತು. ಅಷ್ಟು ವರ್ಷ ಏರಿ ಕಾದವನನ್ನು ಟೀ ಕುಡಿದೆಯಾ ಎಂದು ಕೇಳದ ಊರು ಈಗ ಕೈಮುಗಿಯುತ್ತಿತ್ತು. ಯಾರಿಗೆ ತಾನೇ ರುಚಿಸುವುದಿಲ್ಲ? ಅತ್ತೆ ಮಾತ್ರ, 'ಇವತ್ತು ಬಾಯಿ ಬುಡ್ನಿಲ್ಲ ಅಂದ್ರೆ ನಾಳೆ ಬಾಯಿ ಬಡ್ಕತೀಯ' ಎಂದು ಎಚ್ಚರಿಸುತ್ತಲೇ ಇದ್ದಳು.

ಅತ್ತೆಯ ನಾಳೆ ಎರಡು ವರ್ಷದ ಹಿಂದೆ ಬಂತು. ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮೂರ ಉಮಾಶಂಕರನಿಗೆ ತೀರ್ಥ ಕುಡಿದು ಸೊಂಟನೋವು ಹೋಗಿತ್ತಂತೆ. ಅದಕ್ಕೆ ಒಸರಿನ ಜಾಗದಲ್ಲಿ ಸಿಮೆಂಟಿನ ಕೊಳ ಕಟ್ಟಿ, ಹಿತ್ತಾಳೆ ಗೋಮುಖ ಇಡಿಸುತ್ತೇನೆಂದು ಹೊರಟ. ಒಸರಿನ ಬಾಯಿ ಬಿಗಿದರೆ ನೀರು ಏರಿಯೊಳಗೆ ಬೇರೆ ದಾರಿ ಹುಡುಕುತ್ತದೆಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವನು ಬಾಯಿಬಿಟ್ಟು ಹೇಳಬೇಕಿತ್ತು. ಆದರೆ ಅಜ್ಜನ ಪಟ್ಟದಿಂದ ಇಳಿಯಲಾರದೆ ಅವನು ಅಂದದ್ದು ಇಷ್ಟು: 'ಗಂಗವ್ವನ್ನ ಕಟ್ಟಾಕ್ಬಾರ್ದು ಕಣಪ್ಪ.'

'ಕಟ್ಟಾಕ್ತಿಲ್ಲ ಅಜ್ಜ, ಮನೆ ಕಟ್ಸಿಕೊಡ್ತಾ ಇವ್ನಿ' ಎಂದ ಉಮಾಶಂಕರ.

ಸಿಮೆಂಟು ಬಿತ್ತು. ಗೋಮುಖದಲ್ಲಿ ಸಣ್ಣಗೆ ನೀರು ಬಂತು, ಎಲ್ಲರಿಗೂ ಖುಷಿ. ಮಾವನ ಮುಖ ಮಾತ್ರ ಅಂದಿನಿಂದ ಸಪ್ಪಗಾಯಿತು. ಆ ವರ್ಷ ಆಷಾಢದ ಮಳೆ ಬಿಡದೆ ಹೊಡೆದು ಅಣೆಕಟ್ಟು ಕೋಡಿ ಬಿತ್ತು. ಮೂರನೇ ದಿನಕ್ಕೆ ಕೊಳದ ಪೂಜೆ. ಅದೇ ಬೆಳಿಗ್ಗೆ ನನ್ನ ಗದ್ದೆಯ ಬದುವಿನಲ್ಲಿ, ಕೊಳದಿಂದ ಹತ್ತು ಗಜ ಆಚೆ, ಹೊಸದೊಂದು ಬುಗ್ಗೆ ಎದ್ದಿತ್ತು. ನೀರು ಕೆಂಪಗಿತ್ತು. ನಾನು ಮಾವನನ್ನು ಕೂಗಿ ಕರೆದೆ. ಅವನು ಲೋಟ ಅದ್ದಿ ಎತ್ತಿದ.

ಅಷ್ಟರಲ್ಲಿ ಪೂಜೆಗೆ ಸೇರಿದ್ದ ಜನವೂ ಬಂದು ನೋಡಿತು. ಯಾರೋ ಒಬ್ಬರು, 'ಗಂಗವ್ವ ಕುಂಕುಮ ಕದಡವ್ಳೆ!' ಎಂದು ಕೂಗಿದ್ದೇ ತಡ, ಹೆಂಗಸರು ಬಿಂದಿಗೆ ಹಿಡಿದು ಓಡಿಬಂದರು. ಏರಿ ಒಡೆಯುವ ಹೊತ್ತಿಗೆ ಅದರ ಬುಡದಲ್ಲಿ ಕೈಮುಗಿದು ಸಾಲು ನಿಲ್ಲುವ ಜನ ಬೇರೆ ಎಲ್ಲಾದರೂ ಇದ್ದರೆ ತೋರಿಸಿ.

ಮಾವ ಪೂಜೆಯ ತಟ್ಟೆ ಎಳೆದು ಲೋಟವನ್ನು ಅದರ ಮೇಲಿಟ್ಟ. 'ಯಾರೂ ಮುಟ್ಬೇಡಿ. ಐದು ನಿಮ್ಸ ಸುಮ್ಕೆ ನೋಡಿ' ಎಂದ. ಐದು ನಿಮಿಷಕ್ಕೆ ಲೋಟದ ತಳದಲ್ಲಿ ಬೆರಳು ದಪ್ಪ ಮಣ್ಣು ಕೂತಿತು. ನೀರು ಬಗ್ಗಿಸಿ, ಆ ಮಣ್ಣನ್ನು ಉಮಾಶಂಕರನ ಅಂಗೈಗೆ ಸುರಿದ.

'ಉಜ್ಜು ನೋಡು. ಕುಂಕುಮನಾ ಇದು? ಏರಿ ಮಣ್ಣು ಕಣ್ಲಾ. ಒಳಗಿಂದ ಕೊಚ್ಕಂಡು ಬತ್ತಾ ಐತೆ. ಕೊಳ ಒಡೀಬೇಕು, ತೂಬು ಎತ್ಬೇಕು, ಈಗ್ಲೇ.'

'ತೀರ್ಥದ ಬಾಯಿ ಒಡಿ ಅಂತೀಯಲ್ಲ ಅಜ್ಜ!' ಎಂದ ಉಮಾಶಂಕರ.

'ತೀರ್ಥ ಅಲ್ಲ ಕಣಪ್ಪ ಅದು. ಯಾವತ್ತೂ ಆಗಿರ್ನಿಲ್ಲ. ಮಣ್ಣು ಬತ್ತದಾ ಅಂತ ನೋಡ್ತಿದ್ದೆ ನಾನು, ಅಷ್ಟೇಯ.'

ಆಗ ಎದ್ದ ಗದ್ದಲ ಕೇಳಬೇಡಿ. ಹಣ್ಣುಕಾಯಿ ತಂದವರು, ಬಾಟಲಿಗಟ್ಟಲೆ ಒಯ್ದವರು ಎಲ್ಲರೂ ಅವನ ಮೇಲೆ ಬಿದ್ದರು. ಉಮಾಶಂಕರನ ಮುಖ ಕಪ್ಪಿಟ್ಟಿತು. 'ಇಪ್ಪತ್ತೊರ್ಸ ಸುಳ್ಳೇಳ್ದೋನು ಇವತ್ತು ನಿಜ ಹೇಳ್ತಾವ್ನೆ ಅಂತ ಹೆಂಗೆ ನಂಬದು?' ಎಂದ. ಪ್ರಶ್ನೆ ನ್ಯಾಯವಾಗಿಯೇ ಇತ್ತು, ಅದೇ ನನಗೆ ಸಂಕಟ.

'ಸುಳ್ಳೇಳ್ನಿಲ್ಲ, ಸುಮ್ಕಿದ್ದೆ' ಎಂದ ಮಾವ. 'ನೀವು ಕೈ ಮುಗೀತಿದ್ರಿ, ಆಸೆಯಾಯ್ತು, ಸುಮ್ಕಿದ್ದೆ. ತಪ್ಪಾಯ್ತು. ನನ್ನ ಎಷ್ಟಾರ ಬಯ್ಯಿರಿ, ಹೊಡೀರಿ. ಆದ್ರೆ ಮೊದ್ಲು ಏರಿ ಉಳಿಸ್ಕಳಿ.' ಯಾರೂ ಅಲುಗಾಡಲಿಲ್ಲ.

ಅಲುಗಾಡಿದವಳು ಚಿಕ್ಕಬೀರಮ್ಮ. ಎಂಬತ್ತು ದಾಟಿದ ಮುದುಕಿ ಊರುಗೋಲನ್ನು ಅತ್ತೆಯ ಕೈಗೆ ಕೊಟ್ಟು, ಪೆಂಡಾಲಿನ ಗೂಟ ನೆಡಲು ತಂದಿದ್ದ ಹಾರೆಯನ್ನು ದರದರ ಎಳೆದುಕೊಂಡು ಬಂದಳು. ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ನನ್ನ ಕಾಲ ಮೇಲೆ ಕೆಡವಿ, 'ತಗಳ್ಲಾ, ಹೊಡಿ. ನನ್ ಮಂಡಿ ನಾನು ನೋಡ್ಕತೀನಿ' ಅಂದಳು. ಹೆಬ್ಬೆರಳ ಉಗುರು ಕಿತ್ತುಬಂತು, ಆದರೂ ಹಾರೆ ಎತ್ತಿ ಕೊಳಕ್ಕೆ ಹೊಡೆದೆ.

ಆಮೇಲೆ ಎಲ್ಲರೂ ಕೈ ಹಾಕಿದರು. ಬಾಯಿ ಜೋರಿದ್ದರೂ ಕೆಲಸಕ್ಕೆ ನಮ್ಮ ಜನ ಹಿಂದೆ ಬಿದ್ದವರಲ್ಲ. ನಾಲ್ಕು ಜನ ತೂಬು ತಿರುಗಿಸಿ ನೀರು ಬಿಟ್ಟರು. ಉಮಾಶಂಕರ ಇಂಜಿನಿಯರಿಗೆ ಫೋನು ಮಾಡಿದ, ಮನೆ ಕಟ್ಟಲು ತರಿಸಿದ್ದ ತನ್ನದೇ ಮರಳನ್ನೂ ಟ್ರ್ಯಾಕ್ಟರಿನಲ್ಲಿ ತಂದು ಸುರಿದ. ಬುಗ್ಗೆಗೆ ಮಣ್ಣು ತುಂಬಿ ಮುಚ್ಚಲು ಹೋದವರನ್ನು ಮಾವ ಗದರಿಸಿ ನಿಲ್ಲಿಸಿದ. 'ಮುಚ್ಬೇಡ್ರಲಾ! ನೀರು ಹೋಗ್ಲಿ ಬುಡಿ, ಮಣ್ಣು ಮಾತ್ರ ಹೋಗ್ಬಾರ್ದು' ಎನ್ನುತ್ತಾ ಮೊದಲು ಮರಳು, ಅದರ ಮೇಲೆ ಜಲ್ಲಿ, ಕೊನೆಗೆ ದಪ್ಪ ಕಲ್ಲು ಹಾಕಿಸಿದ. ಮಧ್ಯಾಹ್ನ ಬಂದ ಇಂಜಿನಿಯರು ಪದ್ಮಶ್ರೀ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಬಗ್ಗಿ ನೋಡಿ, 'ಇದನ್ನ ಯಾರು ಹಾಕಿಸಿದ್ದು?' ಎಂದು ಕೇಳಿದಳು. ನಾನು ಮಾವನನ್ನು ತೋರಿಸಿದೆ. 'ನಾನು ಬಂದಿದ್ರೂ ಇದನ್ನೇ ಮಾಡಿಸ್ತಿದ್ದೆ' ಎಂದಳು. ಆ ಮಾತು ಕೇಳಿಸಿಕೊಳ್ಳಲು ಊರಿನವರು ಹತ್ತಿರ ಇರಲಿಲ್ಲ, ಮಾವನೂ ಇರಲಿಲ್ಲ. ಅವನು ದೂರದಲ್ಲಿ ಒಬ್ಬನೇ ಕಲ್ಲು ಹೊರುತ್ತಿದ್ದ.

ಎರಡು ದಿನ ಮಾವ ಏರಿಯ ಬುಡ ಬಿಟ್ಟು ಕದಲಲಿಲ್ಲ. ಅತ್ತೆ ಅಲ್ಲಿಗೇ ಮುದ್ದೆ ತಂದಳು, ಒಂದು ಮಾತೂ ಬಯ್ಯಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಮೂರನೇ ಬೆಳಿಗ್ಗೆ ನಾನು ಗದ್ದೆಗೆ ಹೋದಾಗ ಮಾವ ಒಡೆದ ಸಿಮೆಂಟಿನ ಚೂರಿನ ಮೇಲೆ ಕೂತಿದ್ದ. ತೀರ್ಥಕ್ಕೆಂದು ಒಂದು ನರಪಿಳ್ಳೆಯೂ ಬಂದಿರಲಿಲ್ಲ. 'ಯಾರೂ ಬರ್ನಿಲ್ಲ ಕಣ್ಲಾ ನಟರಾಜು' ಎಂದ. ಬರಬಾರದು ಎಂದೇ ತಾನೇ ನೀನು ಹೇಳಿದ್ದು ಎನ್ನಲು ಬಾಯಿಗೆ ಬಂತು, ನುಂಗಿಕೊಂಡೆ.

ಆಗ ಬದುವಿನ ಮೇಲೆ ಕೋಲೂರಿಕೊಂಡು ಚಿಕ್ಕಬೀರಮ್ಮ ಬಂದಳು. ಅವಳ ಮಂಡಿಗೆ ಆ ದಾರಿ ಸಣ್ಣದಲ್ಲ. ಮಾವ ಎದ್ದು ನಿಂತು, 'ಅವ್ವ, ಇದು ತೀರ್ಥ ಅಲ್ಲ, ಯೇಳ್ದೆನಲ್ಲ' ಎಂದ.

'ಕಿವಿ ಕೇಳ್ತದೆ ನಂಗೆ. ನೀರು ತಿಳಿಯಾಯ್ತಾ?'

ಮಾವ ಲೋಟ ತುಂಬಿಸಿ ಅವಳ ಕೈಗೆ ಕೊಟ್ಟು, 'ನೀನೇ ನೋಡು' ಎಂದ. ಇನ್ನು ತನ್ನ ಮಾತಿಗೆ ಬೆಲೆಯಿಲ್ಲ ಎಂದು ಅವನು ಒಪ್ಪಿಕೊಂಡುಬಿಟ್ಟಿದ್ದ.

ಮುದುಕಿ ಲೋಟವನ್ನು ಹಾಗೆಯೇ ಅವನಿಗೆ ಹಿಂದಿರುಗಿಸಿದಳು. 'ನನ್ ಕಣ್ಣಿಗೆ ಪೊರೆ ಬಂದದೆ, ಏನು ಕಂಡಾತು? ನೀನು ನೋಡಿ ಯೇಳು. ಊರೋರು ನನ್ನೇ ಕಳ್ಸವ್ರೆ ಕೇಳ್ಕಬಾ ಅಂತ. ಎಲ್ಲಿ ಏರಿ ಒಡೆದೋಯ್ತದೋ ಅಂತ ಎರಡು ರಾತ್ರಿಯಿಂದ ಊರೇ ಮನ್ಗಿಲ್ಲ. ನಿನ್ನ ಬಾಯಲ್ಲಿ ಬಂದ್ರೆ ಮಕ್ಳುನ್ನ ಮನ್ಗುಸ್ತಾರಂತೆ.'

ಮಾವ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಒಂದು ಗುಟುಕು ಕುಡಿದು ಬಾಯೊಳಗೆ ಆಡಿಸಿ ನುಂಗಿದ.

'ತಿಳಿಯಾಗದೆ ಅವ್ವ' ಎಂದ. 'ಮನ್ಗಕ್ಕೆ ಯೇಳು.'