ನನ್ನನ್ನು ಕಂಡು ಎಳೆದ ಸೆರಗು

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಮ್ಯಾಟ್ರಿಕ್ ಪಾಸಾದ ಮೇಲೆ ನನಗೆ ಹುಬ್ಬಳ್ಳಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಹೋಗುತ್ತಿದ್ದೆ. ಯಂತ್ರಗಳಿಗೆ ಹತ್ತಿ ಹಾಕುವವರೆಲ್ಲ ಹೆಣ್ಣುಮಕ್ಕಳು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು, ಒಬ್ಬರಿಗೊಬ್ಬರು ಚ್ಯಾಷ್ಟಿ ಮಾಡುತ್ತ ದುಡಿಯುತ್ತಿದ್ದರು. ನಾನು ಕಂಡರೆ ಸಾಕು, ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಳ್ಳುವರು. ಆ ಮರ್ಯಾದೆ ನನಗೆ ಎಷ್ಟು ರುಚಿಸಿತ್ತೆಂದರೆ, ಕೆಲಸವಿಲ್ಲದಿದ್ದರೂ ಆ ಸಾಲಿನಲ್ಲಿ ಸುಮ್ಮನೆ ಅಡ್ಡಾಡಿ ಬರುತ್ತಿದ್ದೆ.

ಯಂತ್ರಗಳನ್ನು ತಿರುಗಿಸುವ ಚರ್ಮದ ಪಟ್ಟಾ ಅವರ ಬೆನ್ನ ಹಿಂದೆಯೇ ಓಡುತ್ತಿತ್ತು. ಅದಕ್ಕೆ ಅಡ್ಡ ಹಲಗೆ ಬಡಿದಿದ್ದರು. ಹಲಗೆಯ ಹಿಂದೆ ಹತ್ತಿಯ ಧೂಳು ತುಂಬಿದಾಗಲೆಲ್ಲ ಇಂಜಿನ್ನು ನಿಲ್ಲಿಸಿ ಬಳಿದು ತೆಗೆಯಬೇಕು, ಕೆಲಸ ಹಿಂದೆ ಬೀಳುತ್ತದೆ ಎಂದು ಸುಗ್ಗಿಯ ಗದ್ದಲದಲ್ಲಿ ನಾನೇ ಹಲಗೆ ತೆಗೆಸಿ ಗೋಡೆಗೆ ಆನಿಸಿಟ್ಟಿದ್ದೆ.

ಒಂದು ಮಧ್ಯಾಹ್ನ ಹಾಗೆಯೇ ಅಡ್ಡಾಡಲು ಹೋದೆ. ಕೊನೆಯ ಯಂತ್ರದ ಹೆಂಗಸು ನನ್ನನ್ನು ಕಂಡು ಗಡಬಡಿಸಿ ಸೆರಗು ಬಿಚ್ಚಿದಳು. ಅದರ ತುದಿ ಪಟ್ಟಾಕ್ಕೆ ಸಿಕ್ಕಿತು. ಬಿಡಿಸಲು ಹೋದ ಕೈಯೂ ಸಿಕ್ಕಿತು. ಸೀರೆ ಹಳೆಯದಾಗಿದ್ದರಿಂದ ಹರಿದು ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮುರಿದಿದ್ದವು.

ಜಿನ್ನಿನ ಒಡೆಯರಾದ ಸಾಹುಕಾರರು ಓಡಿ ಬಂದರು.

"ಸೆರಗು ಬಿಗದ ಕಟ್ಕೋರಿ ಅಂತ ಇವರಿಗೆ ಹೇಳಿಲ್ಲೇನೋ?"

"ದಿನಾ ಹೇಳ್ತೇನ್ರಿ. ಕೇಳೂದಿಲ್ರಿ," ಎಂದೆ.

ಒಮ್ಮೆಯೂ ಹೇಳಿರಲಿಲ್ಲ. ಗೋಡೆಗೆ ಆನಿಸಿದ್ದ ಹಲಗೆಗಳನ್ನು ಸಾಹುಕಾರರೂ ನೋಡಿದರು, ಏನೂ ಕೇಳಲಿಲ್ಲ. ಅವರ ಹೊಣೆ, ನನ್ನ ಹೊಣೆ, ಎರಡನ್ನೂ ಒಂದು ಸೆರಗಿನ ಮೇಲೆ ಹೊರಿಸಿದೆವು. ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ ಆಕೆ ಹರಕು ಸೆರಗನ್ನೇ ಮುಖದ ಮೇಲೆ ಎಳೆದುಕೊಂಡಳು.

ಮರುದಿನ ಬಡಿಗನನ್ನು ಕರೆಸಿ ಹಲಗೆ ಬಡಿಸಿದೆ. ಸಾಹುಕಾರರು ಆಕೆಗೊಂದು ಹೊಸ ಸೀರೆ ಕಳಿಸಿದರು. ಅವರಿಗೆ ನಾನು ಖರೆ ಹೇಳಲಿಲ್ಲ. ಅವರು ಸಾಯುವವರೆಗೂ ಹೇಳಲಿಲ್ಲ.

ಕೈ ಮಾಯ್ದ ಮೇಲೆ ಆಕೆ ಅದೇ ಹೊಸ ಸೀರೆ ಉಟ್ಟು ಕೆಲಸಕ್ಕೆ ಬಂದಳು. ನನ್ನನ್ನು ಕಂಡು ಮತ್ತೆ ಸೆರಗಿಗೆ ಕೈ ಹಾಕಿದಳು. ಎರಡು ಬೆರಳು ಮಡಚುತ್ತಿರಲಿಲ್ಲ. ಹಲಗೆ ಇದ್ದರೂ, ಈ ಸೀರೆ ಗಟ್ಟಿ, ಸಿಕ್ಕರೆ ಹರಿಯುವುದಿಲ್ಲ ಎಂದು ಹೊಳೆದು ಕೂಗಿದೆ.

"ಬ್ಯಾಡವಾ! ಇಲ್ಲಿ ನನ್ನ ಮುಂದ ಯಾರೂ ತಲಿ ಮ್ಯಾಲೆ ಸೆರಗು ಹೊದ್ಕೋಬ್ಯಾಡ್ರಿ."

ಪಕ್ಕದ ಮುದುಕಿ ನಕ್ಕಳು. "ಬರೇ ತಲೀಲೆ ನಿಂದ್ರಾಕ ನಾವೇನು ನಿಮ್ಮ ಅಕ್ಕ-ತಂಗ್ಯಾರೇನ್ರಿ?"

"ಹಂಗಂತನ ತಿಳ್ಕೋರಿ."

"ಹಂಗಾರ ನಾಗರ ಪಂಚಮಿಗಿ ತವರಿಗಿ ಕರಿಯಾಕ ಬರ್ತೀಯೇನು, ಯಣ್ಣಾ?" ಎಂದು ಗಾಯವಾದ ಆಕೆಯೇ ಕೇಳಿದಳು. ಸಾಲಿಗೆ ಸಾಲೇ ನಕ್ಕಿತು. ಅಂದಿನಿಂದ ಸೆರಗುಗಳು ಸೊಂಟದಲ್ಲೇ ಉಳಿದವು.

ಪಂಚಮಿಗೆ ಆಕೆಯನ್ನು ನಮ್ಮ ಮನೆಗೆ ಕರೆಯುವ ಧೈರ್ಯ ನನಗಾಗಲಿಲ್ಲ. ಅವ್ವ ಕಟ್ಟಿದ ಬೆಲ್ಲದ ಪಾಕದ ಉಂಡಿ ತೆಗೆದುಕೊಂಡು ನಾನೇ ಆಕೆಯ ಮನೆಗೆ ಹೋದೆ. ಹೊಸ್ತಿಲಲ್ಲಿ ನಿಂತೇ ಹೇಳಿಬಿಟ್ಟೆ.

"ಅವತ್ತ ಸಾಹುಕಾರ್ರ ಮುಂದ ನಾ ಸುಳ್ಳು ಹೇಳಿದ್ನಿ, ತಂಗಿ. ತಪ್ಪು ನಂದು."

"ಗೊತ್ತೈತಿ. ಅಲ್ಲೇ ಕುಂತಿದ್ನಲ್ಲ," ಎಂದಳು. ಉಂಡಿ ಕೈಗೆ ತೆಗೆದುಕೊಂಡು ಕೇಳಿದಳು, "ಮುಂದಿನ ಸುಗ್ಗ್ಯಾಗೂ ಹಲಗಿ ಇರ್ತಾವಿಲ್ಲೋ?"

"ಇರ್ತಾವು."

"ಮತ್ತ ತಗಸಬ್ಯಾಡ."

ಉಂಡಿ ಗಟ್ಟಿಯಾಗಿತ್ತು. ಮುರಿಯಲು ನೋಡಿದಳು, ಆ ಬೆರಳುಗಳಿಂದ ಆಗಲಿಲ್ಲ. ನನ್ನ ಮುಂದೆ ಹಿಡಿದಳು. ನಾನು ಮುರಿದು ಕೊಟ್ಟೆ.