ರಾಕ್ಷಸರಿಗೂ ಬಹುವಚನ

ಮೊನ್ನೆ ನನ್ನ ಅಂಗಿಯ ಗುಂಡಿಯೊಂದು ಕಿತ್ತುಹೋಗಿತ್ತು. ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕಲು ಹೆಂಡತಿ ಹೊಲಿಗೆ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದೀತು. ಒಂದು ಕಾಲದಲ್ಲಿ ಬಿಸ್ಕತ್ತು ಇದ್ದು, ಈಗ ಬಿಸ್ಕತ್ತು ಬಿಟ್ಟು ಉಳಿದೆಲ್ಲವೂ ಇರುವಂಥದು. ನೂಲಿನ ಉಂಡೆ, ತುಕ್ಕು ಹಿಡಿದ ಪಿನ್ನು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿ, ಇವುಗಳ ನಡುವಿನಿಂದ ನೀಲಿ ಬಣ್ಣದ್ದೊಂದು ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು. ಅವಳು ಅದನ್ನೆತ್ತಿ ಬೆಳಕಿಗೆ ಹಿಡಿದು, "ಇದೆಂಥಾ ಗುಂಡಿರೀ? ತೂತೇ ಇಲ್ವಲ್ಲ!" ಎಂದಳು.

ಅದು ಗುಂಡಿಯಲ್ಲ, ಇಪ್ಪತ್ತು ಮುಖದ ದಾಳ. ಅದರ ಕತೆ ಹೇಳಬೇಕೆಂದರೆ ಮೊದಲು ದತ್ತಾನ ಕತೆ ಹೇಳಬೇಕು.

ದತ್ತಾ ನನ್ನ ಕಾರವಾರದ ಶಾಲೆಯ ಗೆಳೆಯ. ಗೋವಾ ಗಡಿಯ ಮಾಜಾಳಿಯವನು. ಅವನ ಊರಿನ ಹುಡುಗರೆಲ್ಲ ಬೆಳಗಾದರೆ ಗೋವಾದ ಬಸ್ಸು ಹತ್ತುತ್ತಿದ್ದರು. ಇವನು ಇನ್ನೂ ಮುಂದೆ ಹೋಗಿ ಹಡಗನ್ನೇ ಹತ್ತಿದ್ದ. ಇಂಜಿನ್ ಕೋಣೆಯಲ್ಲಿ ಕೆಲಸ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಡಗಿನಿಂದ ರಜೆಗೆ ಬಂದವರು ಸೆಂಟು, ಚಾಕಲೇಟು ತರುವುದು ವಾಡಿಕೆ. ದತ್ತಾ ಆ ಸಲ ಯಾವುದೋ ಬಂದರಿನ ಹಳೆ ಪುಸ್ತಕದಂಗಡಿಯಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ಹೊತ್ತು ತಂದ.

ಆ ಪುಸ್ತಕ ಒಂದು ಆಟದ ನಿಯಮಾವಳಿ. ಒಬ್ಬರು ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು. "ನಿಮ್ಮ ಮುಂದೆ ಮುರುಕಲು ಸೇತುವೆ ಇದೆ, ಏನು ಮಾಡುತ್ತೀರಿ?" ಎಂದು ಕತೆಗಾರ ಕೇಳುತ್ತಾನೆ. ನೀವು ಹಾರುತ್ತೇನೆ ಎನ್ನುತ್ತೀರಿ. ಹಾರಿದಿರೋ ಬಿದ್ದಿರೋ ಎಂಬುದನ್ನು ದಾಳ ಹೇಳುತ್ತದೆ. ಗೆದ್ದವರು, ಸೋತವರು ಎಂಬುದೇ ಇಲ್ಲ. ತಾಳಮದ್ದಳೆಯನ್ನೂ ಪಗಡೆಯನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಹೇಗಿರುತ್ತದೆಯೋ ಹಾಗೆ. ದತ್ತಾ ಹಡಗಿನಲ್ಲಿ ತಿಂಗಳುಗಟ್ಟಲೆ ಆ ಪುಸ್ತಕ ಓದಿದ್ದ. ಆಡಲು ಮಾತ್ರ ಯಾರೂ ಸಿಕ್ಕಿರಲಿಲ್ಲ. ಪಾಳಿ ಮುಗಿಸಿ ಬಂದವರಿಗೆ ನಿದ್ದೆಯೇ ದೊಡ್ಡ ಆಟವಂತೆ.

ನಾನಾಗ ಅಂಕೋಲೆಯ ಕಾಲೇಜೊಂದರಲ್ಲಿ ಹೊಸದಾಗಿ ಕನ್ನಡ ಕಲಿಸಲು ಸೇರಿದ್ದೆ. ನಿವೃತ್ತ ಶಿಕ್ಷಕ ಬೊಮ್ಮಯ್ಯ ಮಾಸ್ತರ್ರ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದೆ. ಆದಿತ್ಯವಾರ ದತ್ತಾ ಬಸ್ಸಿನಲ್ಲಿ ಬಂದು ಜಗಲಿಯ ಮೇಲೆ ಪುಸ್ತಕ ಹರಡಿದ. "ಏ ಪಂಡಿತಾ, ಇದನ್ನ ಕನ್ನಡಕ್ಕೆ ಮಾಡ್ಕೊಡು. ಇಂಗ್ಲಿಷಲ್ಲಿ ಆಡಿದ್ರೆ ಹಡಗಲ್ಲೇ ಕೂತ ಹಾಂಗೆ ಆಗ್ತದೆ" ಎಂದ.

ಪಂಡಿತ ಎಂದು ಕರೆದರೆ ಯಾವ ಹೊಸ ಕನ್ನಡ ಅಧ್ಯಾಪಕ ಸುಮ್ಮನಿದ್ದಾನು? ಒಂದೇ ವಾರದಲ್ಲಿ ಆಟದ ಪಾತ್ರಗಳಿಗೆ ವೃಕ್ಷಚರ, ಗಿರಿಕುಬ್ಜ, ಮಂತ್ರೋಪಜೀವಿ ಎಂದೆಲ್ಲ ಟಂಕಿಸಿ ಕೊಟ್ಟೆ. ದತ್ತಾ ಓದಿ, "ಇದು ಆಟವೋ ಪರೀಕ್ಷೆಯೋ?" ಎಂದು ಕೇಳಿದ.

ಮೂರನೆಯ ಆಟಗಾರ್ತಿ ತಾನಾಗಿಯೇ ಬಂದಳು. ನಾಗವೇಣಿ ಪಕ್ಕದ ಕೇರಿಯಲ್ಲಿ ಕೋಣೆ ಮಾಡಿಕೊಂಡು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಮಕ್ಕಳ ನಾಟಕದ ಮಾತು ತಿದ್ದಿಸಲು ನನ್ನ ಹತ್ತಿರ ಬಂದವಳು ದಾಳ ನೋಡಿ ಕುಳಿತೇಬಿಟ್ಟಳು. "ನಂಗೆ ಕತ್ತಿ ಹಿಡಿಯೂ ಪಾತ್ರ ಕೊಡಿ. ಶಾಲೇಲಿ ಹಿಡಿಯೂಕೆ ಸೀಮೆಸುಣ್ಣ ಬಿಟ್ರೆ ಎಂತದೂ ಇಲ್ಲ" ಎಂದಳು.

ತೊಡಕು ಅಲ್ಲಿಂದಲೇ ಶುರುವಾಯಿತು. ನನ್ನ ಕನ್ನಡ ಪ್ರತಿಯ ತುಂಬ ಯೋಧನು ಬಂದನು, ಹೊಡೆದನು, ಗೆದ್ದನು. ನಾಗವೇಣಿಯ ಸರದಿ ಬಂದಾಗಲೂ ದತ್ತಾ ಅದನ್ನೇ ಓದಿದ. "ಬಂದನು ಅಲ್ಲ, ಬಂದಳು" ಎಂದು ಅವಳು ತಿದ್ದಿದಳು. ದತ್ತಾನ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಸಣ್ಣ ಹುಡುಗಿಯನ್ನು ಪ್ರೀತಿಯಿಂದ 'ಅದು' ಎಂದೇ ಕರೆಯುವುದು. ಗಡಿಬಿಡಿಯಲ್ಲಿ ಅವನು, "ಆಯ್ತು ಅಕ್ಕೋರೆ, ಯೋಧ ಬಂತು" ಎಂದ. ನಾಗವೇಣಿ ಅವನನ್ನು ನೋಡಿದ ನೋಟಕ್ಕೆ ಮಗ್ಗಿ ತಪ್ಪಿದ ಮಕ್ಕಳು ನಡುಗುತ್ತಿದ್ದಿರಬೇಕು.

ನಾನು ಪಂಡಿತನಲ್ಲವೇ, ಉಪಾಯ ಹೇಳಿದೆ. ಗಂಡು ಹೆಣ್ಣು ಯಾರೇ ಇರಲಿ, ಬಹುವಚನ ಹಾಕಿಬಿಡೋಣ. ಯೋಧರು ಬಂದರು, ಗೆದ್ದರು. ಎಲ್ಲರೂ ಒಪ್ಪಿದರು. ಆದರೆ ಬಹುವಚನ ಯೋಧರ ಬಳಿಯೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ದತ್ತಾ ಗಂಭೀರವಾಗಿ, "ರಾಕ್ಷಸರು ಗುಹೆಯಿಂದ ಹೊರಗೆ ಬಂದರು. ನಿಮ್ಮ ತಲೆಯ ಮೇಲೆ ಗದೆಯಿಂದ ಹೊಡೆದರು" ಎಂದ. ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಬೊಮ್ಮಯ್ಯ ಮಾಸ್ತರ್ರು ಪೇಪರು ಕೆಳಗಿಳಿಸಿ, "ಹೊಡ್ದು ಚಾ ಕುಡ್ದೇ ಹೋದ್ರೋ?" ಎಂದು ಕೇಳಿದರು. ಆ ದಿನ ಆಟ ಮುಂದೆ ಹೋಗಲಿಲ್ಲ. ನಕ್ಕು ನಕ್ಕು ದಾಳವೇ ಕಳೆದುಹೋಗಿ, ಮಾಸ್ತರ್ರ ಚಪ್ಪಲಿಯೊಳಗೆ ಸಿಕ್ಕಿತು.

ಮುಂದಿನ ಆದಿತ್ಯವಾರ ಯಾರೂ ನಗಲಿಲ್ಲ. ಪಾತ್ರಗಳು ಯಾವ ಕುಲದವು ಎಂಬ ಅಧ್ಯಾಯವನ್ನು ನಾನು ಕನ್ನಡಿಸಿ ತಂದಿದ್ದೆ. ಇಂಗ್ಲಿಷಿನ 'ರೇಸ್' ಎಂಬ ಶಬ್ದಕ್ಕೆ 'ಜಾತಿ' ಎಂದೇ ಬರೆದಿದ್ದೆ. ಒಂದೊಂದು ಜಾತಿಗೂ ಹುಟ್ಟಿನಿಂದಲೇ ಇಂತಿಷ್ಟು ಗುಣ ಎಂದು ಪುಸ್ತಕದಲ್ಲಿತ್ತು. ದತ್ತಾ ಗಟ್ಟಿಯಾಗಿ ಓದುತ್ತ ಹೋದ: "ಕಾಡುಜಾತಿಯವರು. ಬಲ ಎರಡು ಹೆಚ್ಚು. ಬುದ್ಧಿ ಎರಡು ಕಡಿಮೆ."

"ಎಂತದು? ಇನ್ನೊಂದ್ಸಲ ಓದಿ" ಎಂದಳು ನಾಗವೇಣಿ.

ದತ್ತಾ ಓದಿದ.

"ನಮ್ಮೂರು ಹಿಲ್ಲೂರು. ಮನೆ ಹಿಂದೇನೇ ಕಾಡು. ಹಾಂಗಾದ್ರೆ ನಂಗೆ ಎರಡು ಕಡ್ಮೆ ಅಂತಾ?"

"ಅಯ್ಯೋ ಅಕ್ಕೋರೆ, ನಿಮಗಲ್ಲ! ಇದು ಆಟ. ಪುಸ್ತಕದಲ್ಲೇ ಹಾಂಗೆ ಅದೆ."

"ಪುಸ್ತಕದಲ್ಲಿ ಅದೆ ಅಂದ್ಕೂಡ್ಲೆ ಓದೂದಾ? ಅದನ್ನ ತೆಗೀರಿ."

"ಒಂದು ತೆಗೆದ್ರೆ ಎಲ್ಲ ತೆಗೀಬೇಕು. ಆಮೇಲೆ ಇದು ಆ ಆಟವೇ ಅಲ್ಲ" ಎಂದ ದತ್ತಾ. ಅವನ ದನಿ ಏರಿತ್ತು. ಎಷ್ಟೋ ತಿಂಗಳು ಒಬ್ಬನೇ ಕುಳಿತು ಕನಸು ಕಂಡಿದ್ದ ಆಟ. ಕೈಗೆ ಬಂದ ಕೂಡಲೇ ಯಾರೋ ಅದರ ಕಂಬವೊಂದನ್ನು ಕೀಳಲು ಬಂದಂತೆ ಅವನಿಗೆ ಕಂಡಿರಬೇಕು. ನಾಗವೇಣಿ ಎದ್ದು, ಮಾಸ್ತರ್ರಿಗೆ "ಬರ್ತೆ" ಎಂದಷ್ಟೇ ಹೇಳಿ ಹೊರಟುಹೋದಳು.

ಮರುವಾರ ಅವಳು ಬರಲಿಲ್ಲ. ನಾವಿಬ್ಬರೇ ಆಡಲು ನೋಡಿದೆವು. ದತ್ತಾ ಕತೆ ಹೇಳುವುದು, ನಾನೊಬ್ಬನೇ ಸಾಯುವುದು. ಅದರಲ್ಲಿ ಏನೂ ಸ್ವಾರಸ್ಯವಿರಲಿಲ್ಲ. ಕೊನೆಗೆ ದತ್ತಾನೇ ಪುಸ್ತಕ ಮುಚ್ಚಿದ. "ಹಿಲ್ಲೂರಿಗೆ ಬಸ್ಸು ಎಷ್ಟು ಹೊತ್ತಿಗದೆ?" ಎಂದು ಕೇಳಿದ.

ಮುಂದಿನ ಆದಿತ್ಯವಾರ ಹೋದೆವು. ಭತ್ತದ ಕೊಯ್ಲಿನ ದಿನಗಳಾದ್ದರಿಂದ ಅವಳು ಆದಿತ್ಯವಾರ ಊರಲ್ಲೇ ಇರುತ್ತಾಳೆಂದು ಮಾಸ್ತರ್ರು ಹೇಳಿದ್ದರು. ನಾಗವೇಣಿ ಮನೆಯವರ ಜೊತೆ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಮ್ಮನ್ನು ಕಂಡು ಬೆರಗಾದಳೇ ಹೊರತು ಮುಖ ತಿರುಗಿಸಲಿಲ್ಲ. ಅವಳ ತಾಯಿ ಮಜ್ಜಿಗೆ ತಂದಿಟ್ಟು ದತ್ತಾನನ್ನು, "ಯಾವೂರಾಯ್ತು ತಮಾ ನಿಮ್ದು?" ಎಂದು ಕೇಳಿದರು. ಮಾಜಾಳಿ ಎಂದ. "ಹೋ, ಸಮುದ್ರದ ಬದೀದು. ಹಾಂಗಾದ್ರೆ ಈಜೂಕೆ ಬರ್ತದೆ" ಎಂದು ತಾವೇ ತೀರ್ಮಾನಿಸಿ ಒಳಗೆ ಹೋದರು.

ನಾಗವೇಣಿ ಜಗಲಿಯ ತುದಿಯಲ್ಲಿ ಕುಳಿತಳು. "ನಾ ಅಂಕೋಲೆಗೆ ಓದೂಕೆ ಬಂದಾಗ ಹಾಸ್ಟೆಲಲ್ಲಿ ನನ್ನ ಹೆಸರು ಯಾರೂ ಹೇಳ್ತಿರ್ಲಿಲ್ಲ. ಕಾಡಿನವಳು ಅಂತಲೇ ಕರೆಯೂದು. ಲೆಕ್ಕದಲ್ಲಿ ನಂಗೇ ಹೆಚ್ಚು ಮಾರ್ಕು ಬಂದ್ರೂ ಕಾಡಿನವಳೇ. ನಿಮ್ಮ ಜಗಲಿಗೆ ನಾ ಬಂದದ್ದು ಎರಡು ತಾಸು ಬೇರೆ ಯಾರೋ ಆಗೂಕೆ. ಅಲ್ಲೂ ನೀವು ನನ್ನ ಇಲ್ಲಿಗೇ ಕಳಿಸಿದ್ರಿ" ಎಂದಳು.

ದತ್ತಾ ಮಜ್ಜಿಗೆಯ ಲೋಟವನ್ನೇ ನೋಡುತ್ತ ಕುಳಿತಿದ್ದ. "ಹಡಗಲ್ಲೂ ನನ್ನ ಹೆಸರು ಹೇಳುವವ್ರಿಲ್ಲ ಅಕ್ಕೋರೆ" ಎಂದ. "ದೇಶದ ಹೆಸರು ಹಿಡಿದೇ ಕೂಗ್ತಾರೆ. ನಾನೂ ಬೇರೆ ಯಾರೋ ಆಗುವಾ ಅಂತಲೇ ಆ ಪುಸ್ತಕ ತಕಂಡದ್ದು." ಆಮೇಲೆ ತಲೆಯೆತ್ತಿ, "ಆದ್ರೆ ಒಂದು ಮಾತು. ಎಲ್ಲರೂ ಒಂದೇ ಥರ ಆದ್ರೆ ಆಟದಲ್ಲಿ ಮಜಾ ಎಂಥದು ಉಳೀತದೆ?"

ಆಗ ನನಗೆ ಅವಳ ತಾಯಿ ಕೇಳಿದ ಪ್ರಶ್ನೆ ಹೊಳೆಯಿತು. ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದೇ ಅದು. "ಜಾತಿ ತೆಗೆದು 'ಊರು' ಅಂತ ಬರೆಯೋಣ. ಹುಟ್ಟಿನಿಂದ ಬಂದದ್ದಲ್ಲ, ಬೆಳೆದ ಊರು ಕಲಿಸಿದ್ದು. ಸಮುದ್ರದ ಬದಿಯವರಿಗೆ ಈಜು. ಕಾಡಿನ ಬದಿಯವರಿಗೆ ದಾರಿ, ಸಪ್ಪಳ, ಸೊಪ್ಪುಸದೆಯ ಗುರುತು" ಎಂದೆ.

"ಬುದ್ಧಿ?" ದತ್ತಾ ಕೇಳಿದ.

"ದಾಳ ಹಾಕಿ ನೋಡ್ವ. ಬಿದ್ದಷ್ಟು" ಎಂದಳು ನಾಗವೇಣಿ. "ನಮ್ಮ ಕ್ಲಾಸಲ್ಲೂ ಹಾಂಗೇ ಬರ್ತದೆ. ಊರು ಕೇಳ್ಕಂಡು ಬರೂದಿಲ್ಲ."

ದತ್ತಾ ನಕ್ಕ. ಭತ್ತದ ರಾಶಿಯ ಪಕ್ಕದಲ್ಲೇ ಅಧ್ಯಾಯವನ್ನು ತಿದ್ದಲು ಕುಳಿತೆವು. ತಿದ್ದಿದ್ದಕ್ಕಿಂತ ವಾದಿಸಿದ್ದೇ ಹೆಚ್ಚು. ನನ್ನ ವೃಕ್ಷಚರ, ಗಿರಿಕುಬ್ಜರೂ ಆ ದಿನವೇ ಸತ್ತರು. ಅವರಿಗಾಗಿ ಯಾರೂ ಅಳಲಿಲ್ಲ.

ಮುಂದಿನ ಆದಿತ್ಯವಾರ ಎಲ್ಲರೂ ಮತ್ತೆ ಮಾಸ್ತರ್ರ ಜಗಲಿಯಲ್ಲಿ ಸೇರಿದಾಗ ರಾಕ್ಷಸರ ಪ್ರಶ್ನೆ ಮಾತ್ರ ಬಾಕಿ ಇತ್ತು. ಪುಸ್ತಕದ ಪ್ರಕಾರ ಅವರು ದಡ್ಡರು, ಕೊಲ್ಲುವುದಕ್ಕಷ್ಟೇ ಇರುವವರು. ಇದನ್ನು ಕೇಳಿದ್ದೇ ಬೊಮ್ಮಯ್ಯ ಮಾಸ್ತರ್ರು ಆರಾಮಕುರ್ಚಿ ಬಿಟ್ಟು ಎದ್ದರು. ಶಾಲೆಯ ಕೆಲಸದ ಜೊತೆಗೆ ಅವರು ಯಕ್ಷಗಾನದಲ್ಲಿ ರಾಕ್ಷಸ ವೇಷ ಕಟ್ಟಿದವರು. "ರಾಕ್ಷಸ ದಡ್ಡ ಅಂದವ ಯಾರು? ರಂಗದ ಮೇಲೆ ದೇವತೆಗಳು ಆಶೀರ್ವಾದ ಮಾಡ್ಕಂಡು ನಿಂತಿರ್ತ್ರು. ವಾದ ಮಾಡೂದು ಯಾರು? ನಾವು! ಸರೀರಿ ಆಚೆ, ಆ ಪಾತ್ರ ನಾ ಮಾಡ್ತೆ."

ಆ ಸಂಜೆಯ ಆಟದಷ್ಟು ಒಳ್ಳೆಯ ಆಟ ನಾನು ಇನ್ನೊಂದು ಆಡಿಲ್ಲ. ಸೇತುವೆಗೆ ಅಡ್ಡ ನಿಂತ ರಾಕ್ಷಸರು ಮಾಸ್ತರ್ರು. ಎದುರಿಗೆ ಕಾಡಿನ ಊರಿನ ಯೋಧೆ ನಾಗವೇಣಿ. ಕತ್ತಿ ಒರೆಯಿಂದ ಹೊರಗೇ ಬರಲಿಲ್ಲ. ಸೇತುವೆ ಯಾರದು, ಹೊಳೆ ಯಾರದು, ದಾಟುವವರನ್ನು ತಡೆಯಲು ನೀವಾರು ಎಂದು ಅವಳು ಕೇಳಿದರೆ, ನಿಮ್ಮವರು ನಮ್ಮನ್ನು ಈ ಗುಹೆಗೆ ಅಟ್ಟಿದಾಗ ಯಾರನ್ನು ಕೇಳಿದ್ದಿರಿ ಎಂದು ಇವರು ಗುಡುಗುತ್ತಿದ್ದರು. ಪಕ್ಕದ ಮನೆಯವರು ಏನೋ ಗಲಾಟೆಯೆಂದು ಓಡಿಬಂದು, ಬೇಲಿಯ ಆಚೆಯೇ ನಿಂತು ಕೇಳಿದರು. ದತ್ತಾ ದಾಳ ಕೈಯಲ್ಲಿ ಹಿಡಿದು ಹಾಕುವುದನ್ನೇ ಮರೆತಿದ್ದ. ಕೊನೆಗೆ ಮಾಸ್ತರ್ರು, "ನೀವು ಸೋಲಿಸ್ಲಿಲ್ಲ, ನಾ ಒಪ್ದೆ. ಎರಡೂ ಬೇರೆ. ದಾಟಿ" ಎಂದು ಪಕ್ಕಕ್ಕೆ ಸರಿದರು. ಬೇಲಿಯಾಚೆ ಚಪ್ಪಾಳೆ ಬಿತ್ತು.

ದತ್ತಾನ ರಜೆ ಮುಗಿಯಿತು. ಪುಸ್ತಕವನ್ನೂ ತಿದ್ದಿದ ಹಾಳೆಗಳನ್ನೂ ನಾಗವೇಣಿಯ ಬಳಿಯೇ ಬಿಟ್ಟುಹೋದ. ನನಗೆ ಒಂದು ದಾಳ ಕೊಟ್ಟ. ಮಾಸ್ತರ್ರು ಈಗಿಲ್ಲ. ದತ್ತಾ ಹಡಗು ಬಿಟ್ಟು ಮಾಜಾಳಿಯಲ್ಲಿದ್ದಾನೆ. ಆ ಆಟವಾಡುವವರು ಈಗ ದೇಶದೇಶಗಳಲ್ಲಿ ಇದೇ ಶಬ್ದಗಳಿಗಾಗಿ ಇಂಟರ್‌ನೆಟ್ಟಿನಲ್ಲಿ ಜಗಳವಾಡುತ್ತಾರಂತೆ. ತೆಗೆಯಬೇಕು ಎಂಬವರ ಕಡೆ ಸೇರಿ ದತ್ತಾ ದಿನವೂ ಬೈಸಿಕೊಳ್ಳುತ್ತಾನೆ.

ಹೆಂಡತಿಗೆ ಇದೆಲ್ಲ ಹೇಳಿದ ಮೇಲೆ, ಈಗ ಅಂಕೋಲೆಯ ಹತ್ತಿರವೇ ಮುಖ್ಯಾಧ್ಯಾಪಕಿಯಾಗಿರುವ ನಾಗವೇಣಿಗೆ ಫೋನು ಮಾಡಿದೆ. ದೇಶದೇಶದ ಜಗಳದ ಸುದ್ದಿ ಹೇಳಿ, "ನಾವದನ್ನು ಒಂದೇ ದಿನದಲ್ಲಿ ಮುಗಿಸಿದ್ದೆವಲ್ಲ" ಎಂದು ಕೊಚ್ಚಿಕೊಂಡೆ.

"ಎಲ್ಲಿ ಮುಗೀತು ಸರ್?" ಎಂದು ನಕ್ಕಳು. ಶನಿವಾರ ಮಧ್ಯಾಹ್ನ ಅವಳು ಮಕ್ಕಳ ಜೊತೆ ಅದೇ ಆಟ ಆಡುತ್ತಾಳಂತೆ. ರಸ್ತೆ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರ ಮಗಳು ರೇಣುಕಾ ಎಂಬವಳು ಹೊಸದಾಗಿ ಸೇರಿದ್ದಾಳೆ. ತಂದೆತಾಯಿ ಕೆಲಸ ಇದ್ದಲ್ಲಿಗೆ ಹೋಗುವವರು. ಪ್ರತಿ ತರಗತಿಯನ್ನೂ ಬೇರೆ ಬೇರೆ ಕಡೆ ಓದಿದವಳು. "ಊರು ಅಂತ ಇದ್ದಲ್ಲಿ ಎಂತ ಬರೀಲಿ, ನಂಗೆ ಊರೇ ಇಲ್ಲ, ಹಾಂಗಾದ್ರೆ ನಂಗೆ ಎಂತದೂ ಬರೂದಿಲ್ವಾ ಅಂತ ಕೇಳ್ತದೆ ಸರ್. ನನ್ಹತ್ರ ಉತ್ತರ ಇಲ್ಲ. ಶಬ್ದ ನಿಮ್ದು, ನೀವೇ ಬನ್ನಿ."

ಶನಿವಾರ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಶಬ್ದ ಹುಡುಕಿದೆ. ಕೆಲವು ಹೊಳೆದವು, ಯಾವುದೂ ಸಾಲದೆನಿಸಿತು. ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ದುಂಡಗೆ ಕುಳಿತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು, ರೇಣುಕಾಳೇ ಇರಬೇಕು, ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಊರು ಅಂತ ಬರದವ್ರು ನೀವೇನ್ರೀ ಸರ್?" ಎಂದಳು.

"ಹೌದು" ಎಂದೆ.

ಅವಳು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, "ಕುಂದರ್ರಿ" ಎಂದಳು.